ಡೇಗೆ ಹಿಡಿದವನ ಭಾವಚಿತ್ರವೂ ನೋಡುವವರ ನಗೆಯೂ

ಹಳೆಯ ಭಾವಚಿತ್ರದ ಮುಂದೆ ನಿಂತ ಹುಡುಗರು ನಕ್ಕರೆ ಹಿರಿಯರಿಗೆ ಸಿಟ್ಟು ಬರುವುದು ಲೋಕರೂಢಿ. "ದೊಡ್ಡವರ ಚಿತ್ರ, ಕೈಮುಗಿದು ಮುಂದೆ ನಡೆಯಿರಿ" ಎಂಬ ಗದರಿಕೆಯನ್ನು ಕೇಳದ ಶಾಲೆಯ ಪಡಸಾಲೆ ವಿರಳ. ಈ ಗದರಿಕೆಯ ಹಿಂದಿರುವ ಉದ್ದೇಶ ಒಳ್ಳೆಯದೇ. ಆದರೆ ಕೈಮುಗಿದು ಮುಂದೆ ನಡೆದವನು ಚಿತ್ರವನ್ನು ನೋಡಿದನೆಂದು ಹೇಳಲು ಬಾರದು. ನಕ್ಕವನಾದರೋ ಅದರಲ್ಲಿ ಏನನ್ನೋ ಕಂಡಿದ್ದಾನೆ. ಕಂಡದ್ದು ತನ್ನ ತಿಳಿವಳಿಕೆಗೆ ಒಗ್ಗದಿದ್ದುದರಿಂದಲೇ ನಕ್ಕಿದ್ದಾನೆ. ಆದ್ದರಿಂದ ಇಂಥ ನಗೆಯನ್ನು ಅಗೌರವವೆಂದು ತಳ್ಳಿಹಾಕುವುದಕ್ಕಿಂತ ಕಲಿಕೆಯ ಹೊಸ್ತಿಲೆಂದು ಬಗೆಯುವುದು ವಿಹಿತ. ಈ ಮಾತಿಗೆ ನಿದರ್ಶನವಾಗಿ, ನೋಡಿದವರಿಗೆ ನಗೆ ಬರಿಸುವ ಒಂದು ಹಳೆಯ ಚಿತ್ರವನ್ನು ಪರಿಶೀಲಿಸಬಹುದು.

ನೆದರ್ಲೆಂಡ್ಸ್ ದೇಶದ ಹೇಗ್ ನಗರದಲ್ಲಿರುವ ಮೌರಿತ್ಸ್‌ಹೌಸ್ ಚಿತ್ರಶಾಲೆಯಲ್ಲಿ ರಾಬರ್ಟ್ ಚೀಸ್‌ಮನ್ ಎಂಬ ಆಂಗ್ಲ ಗೃಹಸ್ಥನ ಭಾವಚಿತ್ರವಿದೆ. ಜರ್ಮನ್ ಕಲಾವಿದ ಹಾನ್ಸ್ ಹೋಲ್ಬೈನನು ಅದನ್ನು ಬರೆದದ್ದು 1533ರಲ್ಲಿ. ಆಗ ಇಂಗ್ಲೆಂಡನ್ನು ಆಳುತ್ತಿದ್ದವನು ಎಂಟನೆಯ ಹೆನ್ರಿ. ತುಪ್ಪಳದ ಕೊರಳುಪಟ್ಟಿಯ ನಿಲುವಂಗಿ ತೊಟ್ಟ ಪ್ರೌಢವಯಸ್ಕನೊಬ್ಬ, ಕೈಚೀಲ ತೊಟ್ಟ ಒಂದು ಕೈಯ ಮೇಲೆ ಬೇಟೆಯ ಡೇಗೆಯನ್ನು ಕೂರಿಸಿಕೊಂಡು, ಇನ್ನೊಂದು ಕೈಯಿಂದ ಅದರ ಗರಿಗಳನ್ನು ಸವರುತ್ತಿದ್ದಾನೆ. ಹಕ್ಕಿಯ ತಲೆಯನ್ನು ಕಣ್ಣು ಮುಚ್ಚುವಂತೆ ಒಂದು ಪುಟ್ಟ ಟೋಪಿ ಆವರಿಸಿದೆ, ಕಾಲಿನಲ್ಲಿ ಗೆಜ್ಜೆಯಿದೆ. ಅವನ ದೃಷ್ಟಿಯಾದರೋ ಹಕ್ಕಿಯ ಮೇಲೂ ಇಲ್ಲ, ನೋಡುವವರ ಮೇಲೂ ಇಲ್ಲ, ಪಕ್ಕದಲ್ಲೆಲ್ಲೋ ನೆಟ್ಟಿದೆ.

ಇಂಥ ಚಿತ್ರಕ್ಕೆ ನಗೆ ಬಾರದಿರುವುದು ಹೇಗೆ? ಹಕ್ಕಿಯ ಗಾಂಭೀರ್ಯ ಯಜಮಾನನ ಗಾಂಭೀರ್ಯವನ್ನು ಮೀರಿಸಿದೆ ಎಂದು ಒಬ್ಬನಿಗೆ ತೋರಬಹುದು. ಸಾಲಗಾರನನ್ನು ಕಂಡು ಮುಖ ತಿರುಗಿಸಿಕೊಂಡವನಂತೆ ಇದ್ದಾನಲ್ಲ ಎಂದು ಮತ್ತೊಬ್ಬನಿಗೆ ಅನಿಸಬಹುದು. ಕಾಮಸಮುದ್ರದ ಸೀಮೆಯ ಹಳ್ಳಿಯ ಹುಡುಗನ ಮುಂದೆ ಇದನ್ನಿಟ್ಟರಂತೂ ಅವನ ಮಾತು ಇನ್ನೂ ಮೊನಚಾದೀತು. ಗಿಡುಗವೆಂದರೆ ಹಿತ್ತಿಲಿನ ಕೋಳಿಮರಿಯನ್ನು ಎತ್ತಿಕೊಂಡು ಹೋಗುವ ಕಳ್ಳನೆಂದೇ ಅವನು ಬಲ್ಲ. ಅದರ ನೆರಳು ಅಂಗಳದಲ್ಲಿ ಸುಳಿದೊಡನೆ ತಾಯಂದಿರು ಕೂಗುಹಾಕಿ ಓಡುವುದನ್ನು ಅವನು ಕಂಡಿದ್ದಾನೆ. ಅಂಥ ಕಳ್ಳನಿಗೆ ಎಳೆಗೂಸಿಗೆ ತೊಡಿಸುವಂತೆ ಕುಲಾವಿ ತೊಡಿಸಿ, ಕಾಲಿಗೆ ಗೆಜ್ಜೆ ಕಟ್ಟಿ, ಬೆನ್ನು ಸವರುವ ದೊಡ್ಡ ಮನುಷ್ಯನನ್ನು ಕಂಡರೆ ಅವನು ನಗದೆ ಮಾಡುವುದೇನು?

ಇಲ್ಲಿಯೇ ಅಧ್ಯಾಪಕರ ಕಾರ್ಯ ಆರಂಭವಾಗುವುದು. ಹುಡುಗ ನಕ್ಕ ಒಂದೊಂದು ಅಂಶವೂ ಒಂದೊಂದು ಪಾಠವಾಗಬಲ್ಲದು. ಕುಲಾವಿ ಏಕೆ? ಡೇಗೆ ಕಣ್ಣಿನಿಂದ ಬದುಕುವ ಹಕ್ಕಿ. ಕಂಡದ್ದಕ್ಕೆಲ್ಲ ಬೆದರುತ್ತದೆ, ಎರಗಲು ಹವಣಿಸುತ್ತದೆ. ಕಣ್ಣಿಗೆ ಮರೆಯಾದರೆ ಶಾಂತವಾಗಿ ಕೂರುತ್ತದೆ. ಗೆಜ್ಜೆ ಏಕೆ? ಬೇಟೆಯೊಡನೆ ಪೊದೆಯೊಳಕ್ಕೆ ಇಳಿದ ಹಕ್ಕಿ ಕಣ್ಣಿಗೆ ಬೀಳದು. ಗೆಜ್ಜೆಯ ದನಿಯೇ ಅದರ ಸುಳಿವು. ಒಂದೇ ಕೈಗೆ ಕೈಚೀಲವೇಕೆ? ಹಕ್ಕಿ ಕೂರುವುದು ಆ ಕೈಯ ಮೇಲೆ, ಅದರ ಉಗುರು ಮಾಂಸವನ್ನು ಸೀಳುವಷ್ಟು ಹರಿತ. ಇಷ್ಟನ್ನು ತಿಳಿದ ಮೇಲೆ ಹುಡುಗನ ನಗೆ ಅಡಗಬೇಕೆಂದಿಲ್ಲ. ಅದು ಅರಿತವನ ನಗೆಯಾಗುತ್ತದೆ.

ಈ ವಿದ್ಯೆ ಕನ್ನಡ ನಾಡಿಗೆ ಪರಕೀಯವೂ ಅಲ್ಲ. ಡೇಗೆ ಎಂಬ ಮಾತು ಕನ್ನಡದಲ್ಲಿದೆ, ನೆರೆಯ ತೆಲುಗಿನಲ್ಲಿ ಡೇಗ ಎಂದಿದೆ. ಬೇಟೆಯ ಗಿಡುಗಕ್ಕೆ ಸಾಳುವ ಎಂಬ ಇನ್ನೊಂದು ಹೆಸರೂ ಉಂಟು. ಹದಿನೈದನೆಯ ಶತಮಾನದ ಕೊನೆಯಲ್ಲಿ ವಿಜಯನಗರದ ಸಿಂಹಾಸನವನ್ನೇರಿದ ಸಾಳುವ ನರಸಿಂಹನ ಮನೆತನದ ಹೆಸರು ಇದೇ. ಅದಕ್ಕೂ ಮೊದಲು, 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳನ್ನು ವಿವರಿಸುವಾಗ ಶ್ಯೇನವಿನೋದಕ್ಕೂ, ಎಂದರೆ ಡೇಗೆಯ ಬೇಟೆಗೂ, ಸ್ಥಾನವಿತ್ತಿದ್ದಾನೆ. 1580ರಿಂದ 1627ರವರೆಗೆ ಬಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ಕುದುರೆಯೇರಿ ಡೇಗೆಯೊಡನೆ ಬೇಟೆಗೆ ಹೊರಟಿರುವ ಸೊಗಸಾದ ಚಿತ್ರವೊಂದು ಇಂದು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಹಸ್ತಪ್ರತಿ ಸಂಗ್ರಹದಲ್ಲಿದೆ. ಅದನ್ನು ಬರೆದವನು ಫರೂಖ್ ಬೇಗನೆಂದು ವಿದ್ವಾಂಸರು ಹೇಳುತ್ತಾರೆ. ಸಂಗೀತಪ್ರಿಯನಾಗಿ ಕಿತಾಬ್-ಇ-ನವರಸ್ ರಚಿಸಿ, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿ, ಜಗದ್ಗುರು ಬಾದಶಹನೆಂದು ಜನರಿಂದ ಕರೆಸಿಕೊಂಡ ಅರಸನೀತ. ಹೇಗ್ ನಗರದ ಗೃಹಸ್ಥನನ್ನು ಕಂಡು ನಕ್ಕ ಹುಡುಗನಿಗೆ ಬಿಜಾಪುರದ ಸುಲ್ತಾನನನ್ನೂ ತೋರಿಸಿದರೆ, ದೂರದ ವಿಚಿತ್ರವೆಂದು ತಾನು ಭಾವಿಸಿದ್ದು ತನ್ನ ನಾಡಿನಲ್ಲೇ ಇತ್ತೆಂಬುದು ಅವನಿಗೆ ಮನದಟ್ಟಾಗುತ್ತದೆ. ಇಂದು ಅದು ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಈ ಹಕ್ಕಿಗಳನ್ನು ಹಿಡಿಯುವುದು ಅಪರಾಧ. ನಿಂತದ್ದು ಒಳ್ಳೆಯದೇ ಆಯಿತು. ಆದರೆ ನಿಂತುಹೋದ ವಿದ್ಯೆಯ ನೆನಪೂ ಅಳಿಯಬೇಕೆಂಬ ನಿಯಮವೇನೂ ಇಲ್ಲ.

ಚೀಸ್‌ಮನ್ನನ ಚಿತ್ರದಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಅವನ ತಲೆಯ ಎರಡು ಬದಿಗಳಲ್ಲಿ ಲ್ಯಾಟಿನ್ ಭಾಷೆಯ ಬರಹವಿದೆ. ಅದು ತಿಳಿಸುವುದು ಮೂರೇ ಸಂಗತಿ: ಹೆಸರು, ವಯಸ್ಸು ನಲವತ್ತೆಂಟು, ವರ್ಷ 1533. ಕಲಾವಿದನು ಬರೆದ ಆ ಒಂದು ಸಾಲು ಸುಮಾರು ಐದು ಶತಮಾನ ಕಳೆದರೂ ಆ ಮನುಷ್ಯನನ್ನು ಅನಾಮಿಕನಾಗಲು ಬಿಟ್ಟಿಲ್ಲ. ಅವನ ಉದ್ಯೋಗವೇನೆಂದು ಮಾತ್ರ ಆ ಬರಹ ಹೇಳುವುದಿಲ್ಲ. ಇದರ ಫಲವಾಗಿ, ಕೈಯಲ್ಲಿ ಡೇಗೆಯಿರುವುದನ್ನು ಕಂಡ ಜನ ಅವನನ್ನು ಅರಸನ ಡೇಗೆ ಪಳಗಿಸುವವನೆಂದು ಬಹುಕಾಲ ಕರೆಯುತ್ತ ಬಂದರು. ಡೇಗೆಯ ಬೇಟೆ ಆ ಕಾಲದ ಸಿರಿವಂತರ ಗೌರವದ ಚಿಹ್ನೆಯಾಗಿದ್ದುದರಿಂದ, ಹಕ್ಕಿಯನ್ನು ಹಿಡಿದು ಚಿತ್ರ ಬರೆಸಿಕೊಂಡ ಮಾತ್ರಕ್ಕೆ ಅದು ಅವನ ಉದ್ಯೋಗವಾಗಿತ್ತೆನ್ನಲು ಆಗದು. ಬರೆದಿಟ್ಟದ್ದು ಉಳಿಯಿತು, ಬರೆಯದೆ ಬಿಟ್ಟ ಜಾಗದಲ್ಲಿ ಊಹೆ ಬಂದು ಕುಳಿತಿತು.

ಇನ್ನು ನಿಜವಾಗಿ ಡೇಗೆಯನ್ನು ಪಳಗಿಸುವವನ ಪಾಡೇನು? ಕಾಡಿನ ಹಕ್ಕಿಯನ್ನು ಕೈಮೇಲೆ ಹೊತ್ತು, ಜನರ ನಡುವೆ ಓಡಾಡಿಸಿ, ತನ್ನ ಕೈಯಿಂದಲೇ ಉಣಿಸಿ, ಉದ್ದನೆಯ ದಾರ ಕಟ್ಟಿ ಹಾರಿಸಿ, ಕರೆದರೆ ಮರಳಿ ಬರುವಂತೆ ಮಾಡಲು ದಿನಗಳೂ ನಿದ್ದೆಗೆಟ್ಟ ರಾತ್ರಿಗಳೂ ಬೇಕು. ಹೊಡೆದು ಬಡಿದು ಕಲಿಸಲಾಗದ ಹಕ್ಕಿಯದು, ತಾಳ್ಮೆಯೊಂದೇ ಸಾಧನ. ಸುಲ್ತಾನನ ಕೈಯ ಹಕ್ಕಿಯನ್ನು ಹೀಗೆ ಪಳಗಿಸಿದವನು ಯಾರೆಂದು ಚಿತ್ರ ಹೇಳುವುದಿಲ್ಲ. ಕಾಯಕ ಮಾಡಿದವನು ಮರೆಯಾಗಿ, ಕಾಯಕದ ಫಲವನ್ನು ಕೈಯಲ್ಲಿ ಹಿಡಿದವನು ಚಿತ್ರವಾಗಿ ಉಳಿದ.

ನಗೆಗೂ ಒಂದು ಮೇರೆ ಬೇಡವೇ ಎಂದು ಕೇಳುವ ಹಿರಿಯರ ಮಾತಿನಲ್ಲಿ ಹುರುಳಿದೆ. ಒಬ್ಬರ ಬಡತನವನ್ನೋ ಅಂಗವೈಕಲ್ಯವನ್ನೋ ಕಂಡು ನಗುವುದು ಹೀನ, ಅದನ್ನು ತಡೆಯಲೇಬೇಕು. ಆದರೆ ಅಪರಿಚಿತವಾದುದನ್ನು ಕಂಡು ಬೆರಗಾಗಿ ನಗುವುದು ಬೇರೆ. ಮೊದಲನೆಯದನ್ನು ತಿದ್ದುವ ಭರದಲ್ಲಿ ಎರಡನೆಯದನ್ನೂ ಬಾಯಿ ಮುಚ್ಚಿಸಿದರೆ, ಮಕ್ಕಳು ಕೇಳುವುದನ್ನು ಬಿಡುತ್ತಾರೆ. ಕೇಳುವುದನ್ನು ಬಿಟ್ಟವರು ನೋಡುವುದನ್ನೂ ಬಿಡುತ್ತಾರೆ. ಯಾರೂ ನೋಡದ ಚಿತ್ರಕ್ಕೆ ಹಾರ ಹಾಕಿದರೂ ಅದು ಗೋಡೆಯ ಮೊಳೆಗೆ ಭಾರವಷ್ಟೇ.

ಈ ವಿಚಾರ ಕಾಮಸಮುದ್ರ, ಬಂಗಾರಪೇಟೆಗಳ ಜನರಿಗೆ ಇನ್ನಷ್ಟು ಹತ್ತಿರವಾದದ್ದು. ಕೋಲಾರ ಚಿನ್ನದ ಗಣಿಯಲ್ಲಿ 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಆರಂಭಿಸಿದ ಕೆಲಸ 2001ರ ಫೆಬ್ರವರಿ 28ರಂದು ನಿಂತಿತು. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ದುಡಿದವರ ಮೊಮ್ಮಕ್ಕಳು ಇಂದು ಶಾಲೆಯಲ್ಲಿದ್ದಾರೆ. ಹಣೆಯ ಮೇಲೆ ದೀಪ ಕಟ್ಟಿಕೊಂಡ ಅಜ್ಜನ ಭಾವಚಿತ್ರವನ್ನು ಕಂಡರೆ, ಡೇಗೆಯ ಕುಲಾವಿಯನ್ನು ಕಂಡಂತೆಯೇ ಅವರೂ ನಗಬಹುದು. ಆ ನಗೆಗೆ ಉತ್ತರ ಕೊಡಬಲ್ಲವರು ಈಗಿನ್ನೂ ಬದುಕಿದ್ದಾರೆ. ಇನ್ನು ಕೆಲವೇ ವರ್ಷಗಳಲ್ಲಿ ಇರಲಾರರು. ಚಿತ್ರದ ಹಿಂಬದಿಯಲ್ಲಿ ಹೆಸರು, ವರ್ಷ, ದುಡಿಮೆ ಎಂಬ ಮೂರು ಮಾತು ಬರೆದಿಡದಿದ್ದರೆ ಆ ಅಜ್ಜನ ಗತಿಯೂ ಸುಲ್ತಾನನ ಹಕ್ಕಿ ಪಳಗಿಸಿದವನ ಗತಿಯೇ ಆದೀತು.

ಶಾಲೆಗಳು ಹೊರತರುವ ಸ್ಮರಣ ಸಂಚಿಕೆಗಳಿಗೂ ಈ ಮಾತು ಅನ್ವಯಿಸುತ್ತದೆ. ದಾನಿಗಳ, ಪದಾಧಿಕಾರಿಗಳ ಭಾವಚಿತ್ರಗಳ ಕೆಳಗೆ ಹೆಸರು ತಪ್ಪದೆ ಇರುತ್ತದೆ, ಅದು ಉಚಿತವೇ. ಅದೇ ಗುಂಪುಚಿತ್ರದ ಅಂಚಿನಲ್ಲಿ ನಿಂತ ಗಂಟೆ ಬಾರಿಸುವವರ, ಪ್ರಸಾದ ನಿಲಯದ ಅಡುಗೆಯವರ, ತೋಟದವರ ಹೆಸರುಗಳೂ, ಅವರು ಮಾಡಿದ ಕೆಲಸವೂ ಅಚ್ಚಾಗಬೇಕು. ಅದಕ್ಕೆ ತಗಲುವುದು ಎರಡು ಸಾಲಿನ ಮಸಿ. ಮುಂದೊಂದು ದಿನ ಮಕ್ಕಳು ಆ ಚಿತ್ರಗಳನ್ನು ನೋಡಿ ದಾನಿಗಳ ರುಮಾಲಿಗೂ ಅಧ್ಯಾಪಕರ ಮೀಸೆಗೂ ಖಂಡಿತ ನಗುತ್ತಾರೆ. ನಕ್ಕು, ಆಮೇಲೆ "ಇವರು ಯಾರು?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವನ್ನು ಚಿತ್ರದ ಕೆಳಗೇ ಇಟ್ಟಿರುವುದು ಇಂದಿನವರ ಹೊಣೆ.