ಕಥೆ ಹೇಳುವವನನ್ನೂ ಓದಬೇಕು

ಪತ್ತೇದಾರಿ ಕಾದಂಬರಿಗಳನ್ನು ಓದುವುದು ಬರಿಯ ಕಾಲಹರಣವೆಂದು ಹಿರಿಯರು ವಿದ್ಯಾರ್ಥಿಗಳನ್ನು ಎಚ್ಚರಿಸುವುದುಂಟು. ಈ ಮಾತು ಅಂತಹ ಎಲ್ಲ ಕೃತಿಗಳಿಗೂ ಸಲ್ಲದು. ಕಥೆಯನ್ನು ನಿರೂಪಿಸುವ ‘ನಾನು’ ಎಂಬ ಪಾತ್ರವನ್ನೇ ಪೂರ್ಣವಾಗಿ ನಂಬಲಾಗದ ಒಂದು ಬಗೆಯ ಮನೋವೈಜ್ಞಾನಿಕ ಕಾದಂಬರಿಯಿದೆ. ಅದು ವಿಜ್ಞಾನದ ವಿದ್ಯಾರ್ಥಿಗೆ, ವಿಶೇಷವಾಗಿ ಕೊಳ್ಳೇಗಾಲ, ಹನೂರು, ಯಳಂದೂರುಗಳ ವಿದ್ಯಾರ್ಥಿಗೆ, ಒಂದು ಉತ್ತಮ ಪಾಠವಾಗಬಲ್ಲದೆಂದು ನನ್ನ ಅಭಿಪ್ರಾಯ.

ಅಗಾಥಾ ಕ್ರಿಸ್ಟಿಯವರು ೧೯೨೬ರಲ್ಲಿ ಪ್ರಕಟಿಸಿದ ರೋಜರ್ ಆ್ಯಕ್ರಾಯ್ಡ್‌ನ ಕೊಲೆಯ ಕಥೆಯಲ್ಲಿ ನಿರೂಪಕನೇ ಮುಖ್ಯ ಸಂಗತಿಯೊಂದನ್ನು ಮರೆಮಾಚುತ್ತಾನೆ. ನಮ್ಮಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (೨೦೧೩) ಇನ್ನೂ ಸೂಕ್ಷ್ಮವಾದುದು. ಅದರ ನಿರೂಪಕನು ತನ್ನ ಕುಟುಂಬಕ್ಕೆ ಸಿರಿ ಬಂದ ಬಗೆಯನ್ನು ವಿವರವಾಗಿ ಹೇಳುತ್ತಾನೆ. ಆದರೆ ಹೇಳಲೇಬೇಕಾದಲ್ಲಿ ಮೌನ ತಾಳುತ್ತಾನೆ. ಆ ಮೌನವನ್ನು ಅಳೆಯುವ ಹೊಣೆ ಓದುಗನದು.

ನಿರೂಪಕನು ತಪ್ಪುವುದಕ್ಕೆ ಸುಳ್ಳೊಂದೇ ಕಾರಣವೆ? ಅಲ್ಲವೆನ್ನುತ್ತದೆ ಮನಶ್ಶಾಸ್ತ್ರ. ೧೯೭೪ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬವರು ಒಂದು ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಕಾರುಗಳ ಅಪಘಾತದ ಚಲನಚಿತ್ರವನ್ನು ಕೆಲವರಿಗೆ ತೋರಿಸಿ, ಒಂದು ಗುಂಪಿಗೆ ಕಾರುಗಳು ‘ತಾಗಿದಾಗ’ ವೇಗವೆಷ್ಟಿತ್ತೆಂದೂ, ಇನ್ನೊಂದಕ್ಕೆ ‘ಅಪ್ಪಳಿಸಿ ಜಜ್ಜಿಹೋದಾಗ’ ವೇಗವೆಷ್ಟಿತ್ತೆಂದೂ ಕೇಳಿದರು. ವಾರದ ಬಳಿಕ, ಒಡೆದ ಗಾಜನ್ನು ನೋಡಿದಿರಾ ಎಂದು ವಿಚಾರಿಸಲಾಗಿ, ಮೊದಲ ಗುಂಪಿನ ೫೦ ಮಂದಿಯಲ್ಲಿ ೭ ಮಂದಿಯೂ ಎರಡನೆಯದರ ೫೦ರಲ್ಲಿ ೧೬ ಮಂದಿಯೂ ‘ಹೌದು’ ಎಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ! ಅವರು ಸುಳ್ಳುಗಾರರಲ್ಲ. ಪ್ರಶ್ನೆಯ ಒಂದು ಪದ ಅವರ ಸ್ಮೃತಿಯೊಳಗೆ ನುಸುಳಿ ಅದನ್ನು ಮಾರ್ಪಡಿಸಿತ್ತು.

ಇದನ್ನು ನಮ್ಮೂರುಗಳಿಗೆ ಅನ್ವಯಿಸಿ ನೋಡೋಣ. ರೇಷ್ಮೆಗೆ ಹೆಸರಾದ ಕೊಳ್ಳೇಗಾಲದ ಹೆಸರೆತ್ತಿದೊಡನೆ ಮಾಟಮಂತ್ರದ ಮಾತನ್ನಾಡುವುದು ನಾಡಿನಲ್ಲಿ ರೂಢಿಯಾಗಿದೆ. ಮಾಟದ ಕಥೆ ಸಾಮಾನ್ಯವಾಗಿ ಹೀಗಿರುತ್ತದೆ: “ಪಕ್ಕದ ಮನೆಯವಳು ಜಗಳವಾಡಿ ಶಾಪ ಹಾಕಿದಳು, ಮೂರನೆಯ ದಿನ ಮಗುವಿಗೆ ಜ್ವರ ಬಂತು, ಆದ್ದರಿಂದ ಮಾಟ ಮಾಡಿಸಿದವಳು ಅವಳೇ.” ಜಗಳ ನಿಜ, ಜ್ವರವೂ ನಿಜ. ‘ಆದ್ದರಿಂದ’ ಎಂಬುದನ್ನು ಮಾತ್ರ ಯಾರೂ ಕಂಡವರಿಲ್ಲ. ಜಗಳವಿಲ್ಲದೆ ಬಂದ ಜ್ವರಗಳೂ, ಜ್ವರ ಬಾರದೆ ಮುಗಿದ ಜಗಳಗಳೂ ಲೆಕ್ಕಕ್ಕೆ ಸಿಗದೆ ಮರೆತುಹೋಗಿರುತ್ತವೆ. ಇದರ ಫಲವಾಗಿ ಮಗುವಿಗೆ ಸಕಾಲದಲ್ಲಿ ವೈದ್ಯರ ಚಿಕಿತ್ಸೆ ದೊರೆಯದೆ ಹೋಗಬಹುದು. ನಿರಪರಾಧಿಯಾದ ಹೆಂಗಸೊಬ್ಬಳು ಊರಿಗೇ ಬೇಡವಾಗಬಹುದು. ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ವಿರುದ್ಧ ಕರ್ನಾಟಕದ ವಿಧಾನಮಂಡಲವು ೨೦೧೭ರಲ್ಲಿ ಕಾನೂನನ್ನು ಅಂಗೀಕರಿಸಿತು. ಆದರೆ ಆ ‘ಆದ್ದರಿಂದ’ವನ್ನು ಪರೀಕ್ಷಿಸುವ ಕೆಲಸ ಕಾನೂನಿನಿಂದಷ್ಟೇ ಆಗದು, ಕೇಳುವವರ ಬುದ್ಧಿ ಎಚ್ಚರವಾಗಿರಬೇಕು.

ಹಾಗೆಂದು ಎಲ್ಲರನ್ನೂ ಸುಳ್ಳರೆಂದು ಶಂಕಿಸುವುದು ವಿಜ್ಞಾನವಲ್ಲ. ಮಗುವಿನ ಜ್ವರದಿಂದ ಕಂಗೆಟ್ಟ ತಾಯಿಯನ್ನು ನೋಡಿ ನಗುವುದಂತೂ ಅವಿವೇಕ. ಆಕೆಯ ಸಂಕಟವನ್ನು ನಂಬಬೇಕು. ಆಕೆ ಹೇಳುವ ಕಾರಣವನ್ನು ಪರೀಕ್ಷಿಸಬೇಕು.

ಆದುದರಿಂದ ವಿದ್ಯಾರ್ಥಿ ಮಿತ್ರರು ಇಂತಹ ಕಾದಂಬರಿಯನ್ನು ಎರಡು ಸಲ ಓದಲಿ. ಮೊದಲನೆಯ ಸಲ ಕಥೆಯ ಸ್ವಾರಸ್ಯಕ್ಕಾಗಿ. ಎರಡನೆಯ ಸಲ ಪೆನ್ಸಿಲನ್ನು ಹಿಡಿದು, ನಿರೂಪಕನು ಕಣ್ಣಾರೆ ಕಂಡುದೇನು, ಇತರರಿಂದ ಕೇಳಿದುದೇನು, ತಾನೇ ಊಹಿಸಿದುದೇನು ಎಂದು ಗುರುತು ಹಾಕುತ್ತ. ಈ ಅಭ್ಯಾಸ ಕೈಗೂಡಿದ ಮೇಲೆ ಊರಿನ ಸುದ್ದಿಯನ್ನೂ, ಕಡೆಗೆ ತಮ್ಮ ಸ್ವಂತ ನೆನಪನ್ನೂ ಅದೇ ಬಗೆಯಲ್ಲಿ ಪರೀಕ್ಷಿಸಲಿ.