ಕೇಳಿದರೆ ಸಾಲದು, ಬಾಯಿಬಿಟ್ಟು ಆಡಬೇಕು

ವಯಸ್ಸು ನಲವತ್ತು ದಾಟಿದ ಮೇಲೆ ಹೊಸ ಭಾಷೆ ತಲೆಗೆ ಹತ್ತುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಅರ್ಧ ಮಾತ್ರ ನಿಜ. ಆ ನಾಡಿನಲ್ಲೇ ಹುಟ್ಟಿದವರಂತೆ ಉಚ್ಚರಿಸುವುದು ಮಕ್ಕಳಿಗೆ ಸುಲಭ, ಸರಿ. ಆದರೆ ನೆದರ್‌ಲೆಂಡ್ಸ್‌ನಲ್ಲಿ ನೆಲೆಸಿದ ಇಂಗ್ಲಿಷ್ ಭಾಷಿಕರ ಬಗ್ಗೆ 1978ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯದನ್ನೇ ತೋರಿಸಿತು. ಮೊದಲ ಕೆಲವು ತಿಂಗಳಲ್ಲಿ ಡಚ್ ಭಾಷೆಯನ್ನು ಬೇಗ ಬೇಗ ಕಲಿತವರು ಹದಿಹರೆಯದವರು ಮತ್ತು ದೊಡ್ಡವರು, ಪುಟ್ಟ ಮಕ್ಕಳಲ್ಲ.

ಹಾಗಾದರೆ ದೊಡ್ಡವರಿಗೆ ಅಡ್ಡಬರುವುದೇನು? ಮುಖ್ಯವಾಗಿ ಸಂಕೋಚ. ಮಗು ತಪ್ಪಾಗಿ ನುಡಿದರೆ ಮನೆಮಂದಿ ಮುದ್ದಿಸುತ್ತಾರೆ. ದೊಡ್ಡವರು ತಪ್ಪಿದರೆ ತಾವೇ ಕುಗ್ಗಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಆಡದವರಿಗೆ ಭಾಷೆ ಬರುವುದಿಲ್ಲ. ಯಾರೂ ನೋಡದ ಜಾಗದಲ್ಲಿ ಎಷ್ಟು ಸಲ ಬೇಕಾದರೂ ತಪ್ಪಲು ಬಿಡುವುದೇ ಆಡಿಯೊ ಪಾಠಗಳ ದೊಡ್ಡ ಉಪಕಾರ.

ಒಳ್ಳೆಯ ಆಡಿಯೊ ಪಾಠದ ಹಿಂದೆ ಗಟ್ಟಿ ಆಲೋಚನೆಯಿದೆ. ಅಮೆರಿಕದ ಭಾಷಾತಜ್ಞ ಪಾಲ್ ಪಿಮ್ಸ್ಲರ್ 1967ರಲ್ಲಿ ನೆನಪಿಗೊಂದು ವೇಳಾಪಟ್ಟಿ ಸೂಚಿಸಿದರು: ಹೊಸ ಪದವನ್ನು 5 ಸೆಕೆಂಡಿನ ನಂತರ, ಆಮೇಲೆ 25 ಸೆಕೆಂಡು, 2 ನಿಮಿಷ, 10 ನಿಮಿಷ, 1 ಗಂಟೆ, ಹೀಗೆ ಅಂತರ ಹೆಚ್ಚಿಸುತ್ತಾ ಮತ್ತೆ ಮತ್ತೆ ಕೇಳುವುದು. ಅವರ ಹೆಸರಿನ ಅರ್ಧ ಗಂಟೆಯ ಪಾಠಗಳಲ್ಲಿ ಪ್ರಶ್ನೆ ಬಂದ ಮೇಲೆ ಸ್ವಲ್ಪ ಬಿಡುವಿರುತ್ತದೆ. ಸರಿಯುತ್ತರ ಕೇಳಿಸುವ ಮೊದಲೇ ನಾವು ಹೇಳಬೇಕು. ಭಾಷಾ ಶಿಕ್ಷಕ ಮಿಶೆಲ್ ಥಾಮಸ್ ಅವರ ಆಡಿಯೊ ಪಾಠಗಳಲ್ಲಿ ಇಬ್ಬರು ಕಲಿಯುವವರೂ ಇರುತ್ತಾರೆ. ಅವರ ತಪ್ಪುಗಳೂ ನಮ್ಮ ಕಿವಿಗೆ ಬೀಳುತ್ತವೆ. ಎರಡರಲ್ಲೂ ಕಲಿಕೆ ನಡೆಯುವುದು ಉತ್ತರಕ್ಕಾಗಿ ತಡಕಾಡುವ ಗಳಿಗೆಯಲ್ಲಿ. ಅಡುಗೆ ಮಾಡುತ್ತಲೋ ಬಸ್ಸಿನಲ್ಲಿ ಕೂತೋ ಸುಮ್ಮನೆ ಕೇಳಿಸಿಕೊಳ್ಳುವವರಿಗೆ ದನಿ ಪರಿಚಯವಾಗುತ್ತದೆ, ಮಾತು ಬರುವುದಿಲ್ಲ.

ಆಡಿಯೊ ಪಾಠದ ಮಿತಿಯನ್ನೂ ಹೇಳಬೇಕು. ಪಿಮ್ಸ್ಲರ್ ಮಾದರಿಯಲ್ಲಿ ಅರ್ಧ ಗಂಟೆಯ ತಲಾ 30 ಪಾಠಗಳ ಮೂರು ಹಂತ ಮುಗಿಸಿದರೆ 45 ಗಂಟೆಯಾಯಿತು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಯಭಾರ ಸಿಬ್ಬಂದಿಗೆ ಸ್ಪ್ಯಾನಿಷ್ ಕಲಿಸಲು 600ಕ್ಕೂ ಹೆಚ್ಚು, ಜಪಾನೀಸ್‌ಗೆ ಸುಮಾರು 2,200 ತರಗತಿ ಗಂಟೆ ಬೇಕೆಂದು ಲೆಕ್ಕ ಹಾಕಿದೆ. ನರ್ಸ್ ಕೆಲಸಕ್ಕೆ ಜರ್ಮನಿಗೆ ಹೊರಟವರು ಎದುರಿಸುವ ಭಾಷಾ ಪರೀಕ್ಷೆಯಲ್ಲಿ ಓದು, ಬರಹವೂ ಇವೆ. ಆಡಿಯೊ ಪಾಠ ನಾಲಿಗೆಯ ಬಿಗಿ ಸಡಿಲಿಸುತ್ತದೆ. ಉಳಿದದ್ದನ್ನು ಪುಸ್ತಕ, ಶಿಕ್ಷಕರು, ಆ ಭಾಷೆಯ ಜನರ ಒಡನಾಟವೇ ಕೊಡಬೇಕು.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಹೆಸರಾಂತ ಪಾಠಗಳಲ್ಲಿ ನಮಗೆ ಸಿಗುವುದು ಇಂಗ್ಲಿಷ್ ಮೂಲಕ ಕಲಿಸುವಂಥವು. ಉದಾಹರಣೆಗೆ, ಕನ್ನಡದಂತೆಯೇ ಜಪಾನೀಸ್‌ನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯ ನಾಮಪದದ ನಂತರ ಸೇರುತ್ತದೆ, ಪ್ರಶ್ನೆಯ ಗುರುತು ವಾಕ್ಯದ ತುದಿಯಲ್ಲಿರುತ್ತದೆ. 'ನಿನ್ನೆ ಬಂದ ಹುಡುಗ' ಎಂಬ ಜೋಡಣೆ ಅಲ್ಲಿಯೂ ಇದೇ ಕ್ರಮದಲ್ಲಿದೆ. ಲಿಪಿ ಕಠಿಣವೇ, ಆದರೆ ವಾಕ್ಯದ ನಡಿಗೆ ನಮಗೆ ಪರಿಚಿತ. ಅಂಥ ಭಾಷೆಯನ್ನು ಇಂಗ್ಲಿಷ್ ಮೂಲಕ ಕಲಿಯುವವರು ಪ್ರತಿ ವಾಕ್ಯವನ್ನೂ ಒಮ್ಮೆ ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ನಿಲ್ಲಿಸಬೇಕು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಬಾಗಿಲೇ ತೆರೆಯುವುದಿಲ್ಲ.

ನಮ್ಮ ವಿಶ್ವವಿದ್ಯಾಲಯಗಳ ವಿದೇಶಿ ಭಾಷಾ ವಿಭಾಗಗಳು, ಆಕಾಶವಾಣಿ ಮತ್ತು ಹೊರದೇಶದಲ್ಲಿ ನೆಲೆಸಿ ಅಲ್ಲಿನ ಭಾಷೆ ಬಲ್ಲ ಕನ್ನಡಿಗರು ಕೈಜೋಡಿಸಿದರೆ ಕನ್ನಡದಲ್ಲೇ ಇಂಥ ಪಾಠಗಳನ್ನು ರೂಪಿಸಬಹುದು. ಇದಕ್ಕೆ ಬೇಕಾದುದು ಒಂದು ಮೈಕು, ಚೆನ್ನಾಗಿ ಯೋಚಿಸಿದ ಪಾಠಕ್ರಮ ಮತ್ತು ಮನಸ್ಸು. ಅಲ್ಲಿಯವರೆಗೆ ಕಲಿಯುವವರು ಕಾಯಬೇಕಿಲ್ಲ. ಇರುವ ಪಾಠವನ್ನೇ ಹಾಕಿಕೊಳ್ಳಿ, ಪ್ರಶ್ನೆ ಬಂದಾಗ ಗಟ್ಟಿಯಾಗಿ ಉತ್ತರಿಸಿ.