ತಗಡಿನ ಕೋಣೆಯಲ್ಲಿ ವೈ-ಫೈ

"ಮಾಸ್ತರ, ಇಂವಾ ಪಾಠ ನೋಡ್ತಾನೋ, ಆಟ ಆಡ್ತಾನೋ, ನೀವ ಹೇಳ್ರಿ" ಎನ್ನುತ್ತ ಮನಗೂಳಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಮಗ ಪಿಯುಸಿ ಎರಡನೆಯ ವರ್ಷ. ನೀಟ್ ಪರೀಕ್ಷೆಗೆ ಓದುತ್ತಿದ್ದಾನೆ. ಸಂಜೆ ಆನ್‌ಲೈನ್ ಪಾಠ, ಭಾನುವಾರ ಮಾದರಿ ಪರೀಕ್ಷೆ. ಎರಡು ಭಾನುವಾರ ಉತ್ತರ ಕಳಿಸುವ ಹೊತ್ತಿಗೇ ಸಂಪರ್ಕ ಕಡಿದು ಸೊನ್ನೆ ಬಂದಿದೆ. ತಂದೆ 100 ಎಂಬಿಪಿಎಸ್ ಪ್ಲಾನನ್ನು 200ಕ್ಕೆ ಏರಿಸಿದರು, ಎರಡು ಡಬ್ಬಿಗಳ ಮೆಶ್ ವೈ-ಫೈ ತರಿಸಿದರು. ಅದೇ ಕಥೆ. ಆದರೆ ಮೊಬೈಲಿನಲ್ಲಿ ವೈ-ಫೈ ಗೀಟುಗಳು ತುಂಬಿಕೊಂಡಿವೆ! ಗೀಟು ತುಂಬಿದ್ದರೂ "ನೆಟ್ ಇಲ್ಲ" ಎನ್ನುವ ಹುಡುಗನನ್ನು ಯಾವ ತಂದೆ ನಂಬಿಯಾನು? ಫೋನು ಕಸಿದುಕೊಳ್ಳುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು.

ಅವರ ಮನೆಗೇ ಹೋದೆ. ನಮ್ಮ ಕಡೆಯ ಹಳೆಯ ಮನೆ: ಎರಡು ಮೊಳ ದಪ್ಪದ ಕಲ್ಲು-ಮಣ್ಣಿನ ಗೋಡೆ. ಮೊದಲ ಡಬ್ಬಿ ಬೀದಿ ಕಡೆಯ ಪಡಸಾಲೆಯಲ್ಲಿ. ಎರಡನೆಯದು ಅಡುಗೆಮನೆಯ ಹಲಗೆಯ ಮೇಲೆ, ಮಕ್ಕಳ ಕೈಗೆ ಸಿಗದಿರಲೆಂದು ಹಿತ್ತಾಳೆ ಕೊಡಗಳ ಹಿಂದೆ. ಹುಡುಗ ಓದುವುದು ಹಿತ್ತಲಲ್ಲಿ ಕಟ್ಟಿದ ತಗಡಿನ ಕೋಣೆಯಲ್ಲಿ.

ವೇಗ ಅಳೆಯುವ ಆ್ಯಪು ಹಾಕಿ, ಹುಡುಗನ ಕೈಗೆ ಪೆನ್ನು ಕೊಟ್ಟು ಬರೆಯಲು ಹೇಳಿದೆ. ಪಡಸಾಲೆಯಲ್ಲಿ 170. ಅಡುಗೆಮನೆಯಲ್ಲಿ ಎರಡನೆಯ ಡಬ್ಬಿಯ ಮಗ್ಗುಲಲ್ಲೇ ನಿಂತರೆ 19. ತಗಡಿನ ಕೋಣೆಯಲ್ಲಿ ಒಮ್ಮೆ 4, ಒಮ್ಮೆ 2. ತಂದೆ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಹುಡುಗ ಹೇಳಿದ್ದು ಸುಳ್ಳಲ್ಲ ಎಂದು ನಾನು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

ಹಾಗಾದರೆ ಗೀಟುಗಳೇಕೆ ತುಂಬಿದ್ದವು? ಅವು ಹೇಳುವುದು ನಿಮ್ಮ ಫೋನಿಗೂ ಹತ್ತಿರದ ಡಬ್ಬಿಗೂ ಇರುವ ನಂಟನ್ನು ಮಾತ್ರ. ಆ ಡಬ್ಬಿಗೂ ಪಡಸಾಲೆಯ ಡಬ್ಬಿಗೂ ಮಾತುಕತೆ ಹೇಗಿದೆ ಎಂಬುದನ್ನು ಹೇಳುವುದಿಲ್ಲ. ರೋಗ ಇದ್ದದ್ದು ಅಲ್ಲಿ.

ಈಗ ಸ್ವಲ್ಪ ಲೆಕ್ಕ. ವಿದ್ಯಾರ್ಥಿಗಳೇ, ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿ ನೋಡಿ. 2.4 ಗಿಗಾಹರ್ಟ್ಸ್ ವೈ-ಫೈ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6. ಎರಡನೆಯದು ಹೆಚ್ಚು ಮಾಹಿತಿ ಹೊರುತ್ತದೆ, ಆದರೆ ಗೋಡೆ ಎದುರಾದರೆ ಬೇಗ ಸೋಲುತ್ತದೆ. ಮಳೆಗಾಲದಲ್ಲಿ ಮಣ್ಣಿನ ಗೋಡೆ ನೀರು ಕುಡಿದಿದ್ದರಂತೂ ಇನ್ನೂ ಕಷ್ಟ. ಲೋಹದ ಮಾತು ಬೇರೆ. 1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಶ್ ಹರ್ಟ್ಸ್ ಗೋಡೆಗೆ ದೊಡ್ಡದೊಂದು ಸತುವಿನ ತಗಡು ಬಡಿದು, ವಿದ್ಯುತ್ಕಾಂತ ಅಲೆಗಳು ಅದಕ್ಕೆ ತಾಗಿ ಹಿಂದಿರುಗುವುದನ್ನು ತೋರಿಸಿದ. ಆವರ್ತನದ ಅಳತೆಗೆ ಇಟ್ಟಿರುವುದು ಆತನದೇ ಹೆಸರು. ಹಿತ್ತಲಿನ ಕೋಣೆಗೆ ಹೊದಿಸಿದ ತಗಡಿಗೂ ಸತುವಿನದೇ ಲೇಪ. ಅಡುಗೆಮನೆಯ ಹಿತ್ತಾಳೆ ಕೊಡಗಳು ಮಾಡುತ್ತಿದ್ದದ್ದೂ ಇದೇ ಕೆಲಸವನ್ನು.

ಇನ್ನೊಂದು ತೊಡಕಿದೆ. ಬಾವಿ ತೋಡುವಾಗ ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೀರಲ್ಲ? ನಡುವೆ ನಿಂತವನು ಬುಟ್ಟಿ ಇಸಿದುಕೊಳ್ಳುವಾಗ ಕೊಡಲಾರ, ಕೊಡುವಾಗ ಇಸಿದುಕೊಳ್ಳಲಾರ. ಎರಡು ಬ್ಯಾಂಡಿನ ಅಗ್ಗದ ಮೆಶ್‌ನಲ್ಲಿ ನಡುವಿನ ಡಬ್ಬಿಯ ಪಾಡು ಇದೇ. ಫೋನಿನೊಡನೆಯೂ ಮೊದಲ ಡಬ್ಬಿಯೊಡನೆಯೂ ಒಂದೇ ಚಾನೆಲ್‌ನಲ್ಲಿ ಮಾತನಾಡಬೇಕಾದರೆ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಮೂರನೆಯದೊಂದು ಡಬ್ಬಿ ತಂದು ಸಾಲಿಗೆ ಸೇರಿಸಿದರೆ ಇನ್ನೂ ಕಡಿಮೆ. ಅಂಗಡಿಯವರು ಇದನ್ನೇನೂ ಹೇಳುವುದಿಲ್ಲ.

ಮೊದಲು ಖರ್ಚಿಲ್ಲದ ಉಪಾಯ ಮಾಡಿದೆವು. ಡಬ್ಬಿಯನ್ನು ಕೊಡಗಳ ಹಿಂದಿನಿಂದ ತೆಗೆದು, ಪಡಸಾಲೆಯ ಬಾಗಿಲಿಗೆ ನೇರವಾಗಿ ನಡುಮನೆಯಲ್ಲಿ ಎದೆಯೆತ್ತರಕ್ಕೆ ಇಟ್ಟೆವು. ನೆಟ್ ಎಲ್ಲಿ ಬೇಕೋ ಅಲ್ಲಿಯೇ ಡಬ್ಬಿ ಇಡುವುದು ಎಲ್ಲರೂ ಮಾಡುವ ತಪ್ಪು. ಡಬ್ಬಿಗೇ ಚೆನ್ನಾಗಿ ಸಿಗುವ ಜಾಗದಲ್ಲಿ ಅದನ್ನು ಇಡಬೇಕು. ನಡುಮನೆಯಲ್ಲಿ 65 ಬಂತು. ತಗಡಿನ ಕೋಣೆಯಲ್ಲಿ ಮೊದಲು ಏನೂ ಏರಲಿಲ್ಲ. ನೋಡಿದರೆ ಹುಡುಗನ ಫೋನು ಇನ್ನೂ ಪಡಸಾಲೆಯ ಡಬ್ಬಿಗೇ ಜೋತುಬಿದ್ದಿತ್ತು. ವೈ-ಫೈ ಆರಿಸಿ ಮತ್ತೆ ಹಚ್ಚಿದಾಗ 24 ಬಂತು. ಪಾಠಕ್ಕೆ ಇಷ್ಟೇ ಸಾಕು.

ಆದರೆ ಪರೀಕ್ಷೆಯ ಹೊತ್ತಿಗೆ ಮನೆಯವರೆಲ್ಲ ವಿಡಿಯೊ ನೋಡುತ್ತಿದ್ದರೆ? ಮರುದಿನ ಪಡಸಾಲೆಯಿಂದ ಹಿಂಬಾಗಿಲವರೆಗೆ ಕ್ಯಾಟ್-6 ಕೇಬಲ್ ಎಳೆಸಿ, ಎರಡನೆಯ ಡಬ್ಬಿಯನ್ನು ಅಲ್ಲಿಗೆ ತಂದು ತಂತಿಯಿಂದಲೇ ಜೋಡಿಸಿದೆವು. ಅಳೆದರೆ ಡಬ್ಬಿಯ ಹತ್ತಿರವೂ 94, ಅದರಾಚೆ ಏರದು! ಈ ಅಂಕಿ ಕಂಡರೆ ಕೇಬಲ್ಲಿನ ತುದಿ ನೋಡಬೇಕು. ಒಳಗಿನ ಎಂಟೂ ತಂತಿಗಳು ಸರಿಯಾಗಿ ಕೂತರೆ ಮಾತ್ರ ಗಿಗಾಬಿಟ್ ಸಂಪರ್ಕ; ಒಂದು ತಪ್ಪಿದರೂ ಅದು ನಾಲ್ಕು ತಂತಿಗಳ 100 ಎಂಬಿಪಿಎಸ್‌ಗೆ ಇಳಿಯುತ್ತದೆ. ಪಿನ್ನು ಮತ್ತೆ ಒತ್ತಿಸಿದ ಮೇಲೆ ತಗಡಿನ ಕೋಣೆಯ ಬಾಗಿಲು ತೆರೆದಿದ್ದರೆ 140, ಮುಚ್ಚಿದರೆ 30. ಹರ್ಟ್ಸ್ ಮಹಾಶಯನ ಪ್ರಯೋಗವನ್ನು ಹುಡುಗ ನಾಲ್ಕು ಸಲ ಬಾಗಿಲು ಹಾಕಿ ತೆಗೆದು ತಾನೇ ಮಾಡಿ ನೋಡಿದ.

ಒಂದು ಮಾತು ಹೇಳುವುದು ಬಿಟ್ಟಿದ್ದೆ: ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್. 100ರ ಪ್ಲಾನಿನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಇಳಿದರೆ ಅದು ಮೋಸವಲ್ಲ, ಭಾಗಾಕಾರ.

ಕರೆಂಟು ಹೋದಾಗ ಹಿಂಬಾಗಿಲ ಡಬ್ಬಿ ಆರಬಾರದೆಂದು ಅದನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದ್ದಾರೆ. ಭಾನುವಾರ ಹುಡುಗ ಪರೀಕ್ಷೆ ಬರೆಯುವಾಗ ತಂದೆ ಹಿತ್ತಲಲ್ಲೇ ಕೂತಿದ್ದರಂತೆ, ಗಾಳಿಗೆ ಬಾಗಿಲು ಮುಚ್ಚಿಕೊಳ್ಳದಂತೆ ಕಲ್ಲು ಒತ್ತಿಟ್ಟು. ಸಂಜೆ ನನಗೆ ಫೋನು ಮಾಡಿದರು: "ಮಾಸ್ತರ, ಪೇಪರ್ ಪೂರಾ ಹೋತ್ರಿ. ಈಗ ಆ 200ರ ಪ್ಲಾನ್ ತಿರುಗಿ 100ಕ್ಕ ಇಳಿಸಿದ್ರ ನಡೀತದೇನ್ರಿ?"

ನಡೀತದ, ಇಳಿಸ್ರಿ ಎಂದೆ.